ನಾಲಿಗೆಯ ಕೆಳಗೆ

ಆ ಊರಿನಲ್ಲಿ ಒಬ್ಬ ಸತ್ತನೆಂದು ಹೇಳುವ ಹಕ್ಕು ಮನುಷ್ಯರಿಗಿರಲಿಲ್ಲ. ಉಸಿರು ನಿಂತಿರಬಹುದು, ಮೈ ತಣ್ಣಗಾಗಿರಬಹುದು, ನಾಲ್ಕು ಜನ ಹೊತ್ತೊಯ್ದು ಹೂತು ಬಂದು ತಲೆಗೆ ನೀರನ್ನೂ ಹಾಕಿಕೊಂಡಿರಬಹುದು. ಆದರೂ ಅವನು ಹೋದ ಎಂದು ಯಾರೂ ಅನ್ನುವಂತಿರಲಿಲ್ಲ. ಅದನ್ನು ಹೇಳಬೇಕಾದದ್ದು ಪಾರ್ಸ್ಲಿ.

ಪಾರ್ಸ್ಲಿ ಒಂದು ಸೊಪ್ಪು. ನೋಡಲು ಕೊತ್ತಂಬರಿಯ ತಂಗಿ. ಮೂಸಿ ನೋಡಿದರೆ ತಂಗಿಯಲ್ಲ, ದೂರದ ನೆಂಟಳು. ಕೊತ್ತಂಬರಿಗೆ ಆತುರ, ಬಿತ್ತಿದ ಎಂಟು ಹತ್ತು ದಿನಕ್ಕೇ ತಲೆ ಎತ್ತುತ್ತದೆ. ಪಾರ್ಸ್ಲಿಗೆ ಗತ್ತು. ಮೂರು ವಾರ, ನಾಲ್ಕು ವಾರ, ಕೆಲವು ಸಲ ಅದಕ್ಕೂ ಹೆಚ್ಚು, ಮಣ್ಣಿನಲ್ಲಿ ಹೊದ್ದು ಮಲಗಿರುತ್ತದೆ. ಒಟ್ಟಿಗೆ ಬಿತ್ತಿದ ಬೀಜಗಳು ಒಟ್ಟಿಗೆ ಏಳುವುದೂ ಇಲ್ಲ. ಒಂದು ಇವತ್ತು ಎದ್ದರೆ ಇನ್ನೊಂದು ಮುಂದಿನ ವಾರ. ಬೀಜವು ಸತ್ತವನ ಜೊತೆ ಊರ ಗಡಿಯವರೆಗೆ ನಡೆದು, ಅವನನ್ನು ಆಚೆ ದಾಟಿಸಿ, ಒಂಟಿಯಾಗಿ ತಿರುಗಿ ಬರಬೇಕು, ತಡವಾಗದೆ ಇನ್ನೇನು ಎಂದು ಊರಿನವರು ಹೇಳುತ್ತಿದ್ದರು. ಬೀಜದ ಸೋಮಾರಿತನಕ್ಕೂ ಒಂದು ಪುರಾಣ ಕಟ್ಟಿದ ಜನ ಅವರು.

ಕ್ರಮ ಹೀಗಿತ್ತು. ಸತ್ತವನ ನಾಲಿಗೆಯ ಕೆಳಗೆ ಒಂಬತ್ತು ಬೀಜ ಇಡಬೇಕು. ಒಂದು ರಾತ್ರಿ ಅವು ಅಲ್ಲಿ ನೆನೆಯಬೇಕು. ಬೆಳಿಗ್ಗೆ ಹೆಣ ಎತ್ತುವ ಮೊದಲು ಬೀಜ ತೆಗೆದು, ಮಣ್ಣಿನ ಕುಂಡದಲ್ಲಿ ಬಿತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ, ಮನೆಯೊಳಗೆ ಬೆಳಕಿಂಡಿಯ ಕೆಳಗೆ ಇಡಬೇಕು. ಆ ಮನೆಯ ಒಳಗೆ ಸತ್ತವನ ತಾಯಿ ಮತ್ತು ಹೆಂಡತಿ ಉಳಿಯಬೇಕು. ಮಕ್ಕಳಿದ್ದರೆ ಎದುರು ಮನೆಗೆ ಕಳಿಸಬೇಕು. ಆಮೇಲೆ ಬಾಗಿಲಿಗೆ ಮಣ್ಣು ಮೆತ್ತಿ, ಕೈ ತೂರುವಷ್ಟು ಒಂದೇ ಒಂದು ತೂತು ಬಿಡಬೇಕು. ಹಸಿರು ಕಂಡ ದಿನ ಅವನು ಹೋದ, ಬಾಗಿಲು ಬಿಚ್ಚಿತು. ಕಾಣುವವರೆಗೆ ಅವನು ಇನ್ನೂ ಇದ್ದಾನೆ.

ದಿನಾ ಬೆಳಗ್ಗೆ ಬಾಗಿಲಮ್ಮ ಬರುತ್ತಿದ್ದಳು. ಊರಿನ ಮಣ್ಣು ಮೆತ್ತಿದ ಬಾಗಿಲುಗಳೆಲ್ಲ ಅವಳ ಸುಪರ್ದಿ. ಸತ್ತವನ ಪಾಲೂ ಸೇರಿ ಮೂರು ಜನರ ಗಂಜಿಯನ್ನು ತೂತಿನಿಂದ ಒಳಗೆ ದಾಟಿಸಿ, ಒಂದೇ ಮಾತು ಕೇಳುತ್ತಿದ್ದಳು.

"ಹೋದನೇ?"

ಒಳಗಿನವರು ಹೇಳಬೇಕು: "ಇನ್ನೂ ಇದ್ದಾನೆ."

ಅಷ್ಟಾದರೆ ಅವತ್ತಿನ ಮಾತು ಮುಗಿಯಿತು.

ಇದೇ ಊರಿನಲ್ಲಿ ಇನ್ನೊಂದು ಕ್ರಮವೂ ಇತ್ತು, ಅದು ಮಕ್ಕಳದು. ಮಗುವಿನ ಮೊದಲ ಹಾಲುಹಲ್ಲು ಯಾವ ಮನೆಯಲ್ಲಿ ಬೀಳುತ್ತದೋ, ಸಗಣಿಯುಂಡೆಯಲ್ಲಿ ಅಡಗಿ ಯಾವ ಮನೆಯ ಮಾಡು ಸೇರುತ್ತದೋ, ಮಗು ಆ ಮನೆಯದು. ಹೆತ್ತವಳು ಅಂದಿನಿಂದ ಅದಕ್ಕೆ ಬೀದಿಯಲ್ಲಿ ಹೋಗಿಬರುವ ಹೆಂಗಸರಲ್ಲಿ ಒಬ್ಬಳು. ಎರಡು ಕ್ರಮಗಳನ್ನೂ ಬೇರೆ ಬೇರೆ ಹಿರಿಯರು ಮಾಡಿದ್ದಿರಬೇಕು. ಇವೆರಡೂ ಒಂದು ದಿನ ಒಂದೇ ಬೀದಿಯಲ್ಲಿ ಎದುರುಬದುರಾಗುತ್ತವೆ ಎಂದು ಪಾಪ ಅವರಿಗೆ ಹೊಳೆದಿರಲಿಕ್ಕಿಲ್ಲ.

ಆ ಬೀದಿಯ ಒಂದು ಮನೆಯ ಸೊಸೆಯ ಗಂಡ ಸತ್ತಾಗ ಅವಳ ಮಗಳಿಗೆ ಆರು ವರ್ಷ. ಬಾಗಿಲಿಗೆ ಮಣ್ಣು ಮೆತ್ತುವ ಹೊತ್ತಿಗೆ ಮಗು ಎದುರು ಮನೆಯ ಜಗಲಿಯ ಮೇಲೆ ನಿಂತು, ಇದೊಂದು ಆಟವೆಂದುಕೊಂಡು ಕೈ ಬೀಸುತ್ತಿತ್ತು. ಎದುರು ಮನೆಯವಳಿಗೆ ಮಕ್ಕಳಿರಲಿಲ್ಲ. ಅವಳು ಮಗುವಿನ ಭುಜದ ಮೇಲೆ ಕೈಯಿಟ್ಟುಕೊಂಡಿದ್ದಳು. ಕೊನೆಯ ಹಿಡಿ ಮಣ್ಣು ಬೀಳುವವರೆಗೂ ಸೊಸೆ ನೋಡಿದ್ದು ಆ ಕೈಯನ್ನೇ.

ಒಳಗೆ ಅತ್ತೆ ಮತ್ತು ಸೊಸೆ, ನಡುವೆ ಕುಂಡ. ನೀರು ಹೆತ್ತವಳದು, ಬಿಸಿಲು ಕಟ್ಟಿಕೊಂಡವಳದು ಎಂದು ಊರ ಮಾತು. ಬೆಳಕು ಹರಿಯುವ ಹೊತ್ತಿಗೆ ಅತ್ತೆ ಒದ್ದೆ ಬಟ್ಟೆ ಎತ್ತಿ, ಬೆರಳ ತುದಿಯಿಂದ ನೀರು ಚಿಮುಕಿಸುತ್ತಿದ್ದಳು. ಆಗ ಸೊಸೆ ಗೋಡೆಗೆ ಮುಖ ಮಾಡಿ ಕೂರಬೇಕು. ತಾಯಿ ಮಗ ಮಾತಾಡುವ ಹೊತ್ತು ಅದು. ಬಿಸಿಲೇರಿದ ಮೇಲೆ ಸೊಸೆಯ ಸರದಿ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕ ನೆಲದ ಮೇಲೆ ನಡೆಯುತ್ತಿತ್ತು, ಅದರ ಜೊತೆಗೇ ಅವಳು ಕುಂಡವನ್ನು ಗೇಣು ಗೇಣಾಗಿ ನಡೆಸುತ್ತಿದ್ದಳು. ಬೆಳಗ್ಗೆ ಪಡುವಣ ಗೋಡೆಯ ಬುಡದಿಂದ ಹೊರಟ ಕುಂಡ ಸಂಜೆಗೆ ಮೂಡಣ ಗೋಡೆ ತಲುಪುತ್ತಿತ್ತು. ಬಟ್ಟೆ ಎತ್ತುವ ಹಕ್ಕು ಅವಳಿಗಿರಲಿಲ್ಲ. ಗಂಡ ಕೆಟ್ಟವನಲ್ಲ, ಒಳ್ಳೆಯವನೆಂದು ಹೊಗಳುವಂಥವನೂ ಅಲ್ಲ. ಅವನನ್ನು ಬದುಕಿದ್ದಾಗಲೂ ಅವಳು ಹೀಗೆಯೇ ಗೇಣು ಗೇಣಾಗಿ ತಳ್ಳಿಕೊಂಡು ಬಂದಿದ್ದಳು.

ಸಂಜೆ ಸಂಜೆ ಮಗು ತೂತಿನ ಹತ್ತಿರ ಬರುತ್ತಿತ್ತು. ಸೊಸೆ ಕೈ ಹೊರಗೆ ಚಾಚಿದರೆ ಅದರ ಮೇಲೆ ಕೆನ್ನೆ ಇಡುತ್ತಿತ್ತು. ಹನ್ನೆರಡನೆಯ ದಿನ ಬಂದಾಗ ಅದರ ದನಿಯಲ್ಲಿ ಹೊಸ ಸಡಗರ.

"ಅಮ್ಮಾ, ನನ್ನ ಹಲ್ಲು ಅಲ್ಲಾಡ್ತಾ ಇದೆ!"

ಸೊಸೆ ಬೆರಳಿನಿಂದ ಮಗುವಿನ ತುಟಿ ತಡಕಿದಳು. "ಯಾವುದು ಕಂದ?"

"ಕೆಳಗಡೆದು. ಮುಂದಿಂದು. ನಾಲಿಗೇಲಿ ತಳ್ಳಿದ್ರೆ ಬಾಗಿಲ ಥರ ಆಡುತ್ತೆ."

"ತಳ್ಳಬೇಡ. ಮುಟ್ಟಬೇಡ. ಗಂಜಿ ಬಿಟ್ಟು ಬೇರೇನೂ ತಿನ್ನಬೇಡ, ಆಯ್ತಾ ಬಂಗಾರ?"

"ಎದುರು ಮನೆ ದೊಡ್ಡಮ್ಮ ರೊಟ್ಟಿ ಕೊಟ್ಟಿದ್ದಾರೆ. ಗಟ್ಟಿ ರೊಟ್ಟಿ."

"ಹಲ್ಲು ನೋವು ಅನ್ನು. ತಿನ್ನಬೇಡ."

ಅಂದಿನಿಂದ ಅವಳಿಗೆ ಎರಡು ಕಾಯುವಿಕೆ. ಬೀಜ ಏಳಬೇಕು, ಹಲ್ಲು ಬೀಳಬಾರದು. ಕುಂಡ ತಳ್ಳುವಾಗ ಏಳು ಏಳು ಎನ್ನುತ್ತಿದ್ದಳು. ಮಲಗುವಾಗ ಇರು ಇರು ಎನ್ನುತ್ತಿದ್ದಳು. ನಿದ್ದೆಯಲ್ಲಿ ಎರಡೂ ಅದಲುಬದಲಾಗಿ, ಇರು ಎಂದದ್ದು ಬೀಜಕ್ಕೆ ಕೇಳಿಬಿಟ್ಟೀತೆಂದು ಹೆದರಿ ಎದ್ದು ಕೂರುತ್ತಿದ್ದಳು.

ಎದುರು ಮನೆಯವಳು ಒಮ್ಮೆಯೂ ಮಗುವನ್ನು ಗದರಲಿಲ್ಲ. ತಲೆ ಬಾಚಿದಳು, ಕಥೆ ಹೇಳಿದಳು, ಹೊಸ ಲಂಗ ಹೊಲಿಸಿದಳು. ರೊಟ್ಟಿ ಬೇಡವೆಂದರೆ ಚಕ್ಕುಲಿ ಕರಿದಳು. ಚಕ್ಕುಲಿ ಬೇಡವೆಂದರೆ ಕಬ್ಬು ತಂದಳು. ಪ್ರೀತಿಯೂ ಅಷ್ಟು ಗಟ್ಟಿಯಾಗಿ ಇರಬಹುದು ಎಂದು ಸೊಸೆಗೆ ತೂತಿನ ಈಚೆ ಕೂತು ತಿಳಿಯಿತು. ಮಗು ಗಂಜಿ ಕುಡಿದು ಕುಡಿದು ಸೊರಗುತ್ತಿತ್ತು. ಅಂಗೈ ಮೇಲೆ ಬಿದ್ದ ಕೆನ್ನೆಯ ಭಾರ ದಿನದಿನಕ್ಕೆ ಕಡಿಮೆಯಾಗುತ್ತಿತ್ತು.

ಇಪ್ಪತ್ತೆರಡು ದಿನ ಕಳೆಯಿತು. "ಹೋದನೇ?" "ಇನ್ನೂ ಇದ್ದಾನೆ." ಇಪ್ಪತ್ತೆಂಟು ಕಳೆಯಿತು. "ಹೋದನೇ?" "ಇನ್ನೂ ಇದ್ದಾನೆ." ಉತ್ತರ ಕೊಡುತ್ತಿದ್ದವಳು ಅತ್ತೆ. ಮೊದಮೊದಲು ಅಳುತ್ತಾ ಹೇಳುತ್ತಿದ್ದವಳು ಈಗ ಊಟವಾಯಿತೇ ಎಂದರೆ ಆಯಿತು ಎನ್ನುವ ಹಾಗೆ ಹೇಳುತ್ತಿದ್ದಳು. ಅವಳ ಮುಖದಲ್ಲಿ ಕಳೆ ಬಂದಿತ್ತು. ಅದು ಸೊಸೆಯ ಕಣ್ಣಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ.

ಮೂವತ್ತಮೂರನೆಯ ದಿನ ಅತ್ತೆ ಅವಳ ತಲೆಯ ಸಿಕ್ಕು ಬಿಡಿಸಲು ಕೂತಳು. ಹಿಂದಿನಿಂದ ಬಗ್ಗಿ ಏನೋ ಹೇಳಿದಳು. ಏನು ಹೇಳಿದಳೋ, ಸೊಸೆಗೆ ಕೇಳಿಸಲೇ ಇಲ್ಲ. ಅವಳ ಮೂಗಿಗೆ ಹಸಿರು ವಾಸನೆ ಬಡಿದಿತ್ತು. ಕೊತ್ತಂಬರಿಯದ್ದಲ್ಲ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಎಂದಿನಂತೆ ಗೋಡೆಗೆ ಮುಖ ಮಾಡಿ ಕೂತಳು. ಹಿಂದೆ ಬಟ್ಟೆ ಎತ್ತಿದ ಸದ್ದಾಯಿತು. ನೀರಿನ ಸದ್ದು ಬರಲಿಲ್ಲ. ಆಗ ಅವಳು ಆ ಊರಿನಲ್ಲಿ ಯಾವ ಹೆಂಡತಿಯೂ ಮಾಡದ ಕೆಲಸ ಮಾಡಿದಳು, ಕತ್ತು ತಿರುಗಿಸಿ ನೋಡಿದಳು.

ಅತ್ತೆ ಕುಂಡದ ಮೇಲೆ ಬಾಗಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವೆ ಕೊಕ್ಕೆಯಂತೆ ಬಾಗಿದ ಒಂದು ಎಳೆ, ತುದಿಯಲ್ಲಿ ಎರಡು ಪುಟ್ಟ ಎಲೆ. ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು.

"ಅತ್ತೆ! ಏನು ಮಾಡ್ತಾ ಇದ್ದೀರಿ ನೀವು?"

ಅತ್ತೆ ಬೆಚ್ಚಲಿಲ್ಲ. ನುಂಗಿ ಮುಗಿಸಿಯೇ ಕಣ್ಣು ತೆರೆದಳು. "ಕಾಣಿಸ್ತಾ ಇಲ್ವೇನೆ? ನನ್ನ ಹೊಟ್ಟೆಯಿಂದ ಬಂದವನು. ಹೋಗೋದಾದ್ರೆ ನನ್ನ ಹೊಟ್ಟೆಗೇ ಹೋಗಲಿ."

"ಎಷ್ಟು ತಿಂದಿರಿ?"

"ಇದು ಎಂಟನೇದು. ಮೊದಲನೇದು ಹತ್ತೊಂಬತ್ತನೇ ದಿನಕ್ಕೇ ಬಂದಿತ್ತು. ಇನ್ನೊಂದು ಉಳಿದಿದೆ, ಸೋಮಾರಿ, ನನ್ನ ಮಗನ ಹಾಗೇ. ಎಬ್ಬಿಸದೆ ಯಾವತ್ತು ಎದ್ದಿದ್ದ ಅವನು?"

ಹತ್ತೊಂಬತ್ತನೆಯ ದಿನ. ಆವತ್ತು ಮಗುವಿನ ಹಲ್ಲು ಇನ್ನೂ ಸುಮಾರು ಗಟ್ಟಿಯಿತ್ತು. ಆವತ್ತು ಬಾಗಿಲು ಬಿಚ್ಚಿದ್ದರೆ ಮಗು ಮನೆಯಲ್ಲಿರುತ್ತಿತ್ತು. ಸೊಸೆ ನೆಲಕ್ಕೆ ಕುಸಿದು ಅತ್ತೆಯ ಕಾಲು ಹಿಡಿದಳು.

"ನನ್ನ ಮಗಳು ಕೈತಪ್ಪಿ ಹೋಗ್ತಾಳೆ, ಅತ್ತೆ. ನಿಮ್ಮ ಮೊಮ್ಮಗಳು ಅವಳು!"

"ಎದುರು ಮನೆಗೆ ಹೋಗ್ತಾಳೆ ಅಷ್ಟೆ. ದಿನಾ ಕಣ್ಣಿಗೆ ಕಾಣ್ತಾಳೆ. ನನ್ನ ಮಗ ಎಲ್ಲಿಗೆ ಹೋಗ್ತಾನೆ ಹೇಳು, ನೋಡೋಣ?" ಅತ್ತೆ ಅವಳ ತಲೆ ಸವರಿದಳು. "ನಿನಗೆ ಮಗಳು ಬೇಕು. ನನಗೆ ಮಗ ಬೇಡವಾ?"

ಸೊಸೆ ಕುಂಡವನ್ನು ಕಿತ್ತುಕೊಂಡಳು.

ಬಾಗಿಲಮ್ಮ ಬಂದು "ಹೋದನೇ?" ಎಂದಾಗ ಅವಳೇ ತೂತಿಗೆ ಬಾಯಿಟ್ಟು ಕೂಗಿದಳು. "ಹೋಗಿದ್ದಾನೆ, ಬಾಗಿಲಮ್ಮ! ಎಂಟು ಮೊಳಕೆ ಬಂದಿತ್ತು. ಅತ್ತೆ ತಿಂದುಬಿಟ್ಟಿದ್ದಾರೆ!"

ಬಾಗಿಲಮ್ಮ ತೂತಿನೊಳಗೆ ಇಣುಕಿದಳು. "ಹಸಿರು ಇದ್ದರೆ ತೋರಿಸಮ್ಮ."

"ಅದೇ ಹೇಳಿದೆನಲ್ಲ, ತಿಂದಿದ್ದಾರೆ. ಅವರ ಬಾಯಿ ಮೂಸಿ ನೋಡಿ ಬೇಕಾದರೆ!"

"ಬಾಯಿ ಮೂಸೋ ಪದ್ಧತಿ ಇಲ್ಲಮ್ಮ. ಹೊಟ್ಟೆ ಒಳಗಿನ ಹಸಿರು ನಮ್ಮ ಲೆಕ್ಕಕ್ಕಿಲ್ಲ. ಕುಂಡದಲ್ಲಿ ಇಲ್ಲ ಅಂದ್ರೆ ಇನ್ನೂ ಇದ್ದಾನೆ." ಬಾಗಿಲಮ್ಮ ಗಂಜಿ ದಾಟಿಸಿ, ಏನೂ ನಡೆದಿಲ್ಲವೆಂಬಂತೆ ಮುಂದಿನ ಬಾಗಿಲಿಗೆ ಹೋದಳು.

ಆ ಸಂಜೆ ಮಗು ಬಂದು ಕೆನ್ನೆಯಿಟ್ಟಿತು. "ಅಮ್ಮಾ, ಈಗ ಒಂದೇ ಒಂದು ಕಡೆ ಅಂಟಿಕೊಂಡಿದೆ. ಮಾತಾಡಿದ್ರೂ ಆಡುತ್ತೆ."

ಸೊಸೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಾಗಿಲಿಗೆ ಹಣೆಯಿಟ್ಟಳು. "ಹಾಗಾದರೆ ಮಾತೇ ಆಡಬೇಡ. ಬಾಯಿ ಮುಚ್ಚಿಕೊಂಡಿರು. ಗಂಜಿ ಕುಡಿಯುವಾಗ ಮಾತ್ರ ಒಂಚೂರು ತೆರೆ. ಯಾರು ಏನು ಕೇಳಿದರೂ, ದೊಡ್ಡಮ್ಮ ಕೇಳಿದರೂ, ತುಟಿ ಬಿಚ್ಚಬೇಡ. ನಾನು ಹೊರಗೆ ಬಂದು ನಿನ್ನನ್ನು ಕರೆಯುತ್ತೇನೆ. ಆಗ ಬಾಯಿ ತೆರೆ. ತಿಳಿಯಿತಾ?"

"ಹೂಂ."

"ದಿನಾ ಬಂದು ಬಾಗಿಲನ್ನು ಉಗುರಲ್ಲಿ ಕೆರೆ. ಹಲ್ಲು ಇದೆ ಅಂತ ನನಗೆ ಗೊತ್ತಾಗುತ್ತೆ."

ಮಗು ಉತ್ತರ ಕೊಡಲಿಲ್ಲ. ಬಾಗಿಲನ್ನು ಒಂದು ಸಲ ಕೆರೆಯಿತು. ಆಗಲೇ ಮಾತು ನಿಲ್ಲಿಸಿತ್ತು, ಅಷ್ಟು ವಿಧೇಯ ಮಗು ಅದು.

ಆಮೇಲಿನ ದಿನಗಳಲ್ಲಿ ಸೊಸೆ ಕುಂಡವನ್ನು ಕೆಳಗಿಡಲಿಲ್ಲ. ಬಿಸಿಲಿನ ಚೌಕದಲ್ಲಿ ಅವಳೇ ಕೂತು, ಅದು ಸರಿದಂತೆ ಕುಂಡದ ಸಮೇತ ಸರಿದಳು. ನೀರನ್ನೂ ಅವಳೇ ಚಿಮುಕಿಸಿದಳು. ಕೂತಲ್ಲೇ ತೂಕಡಿಸಿದಳು, ಎಚ್ಚರವಾದಾಗಲೆಲ್ಲ ಅತ್ತೆ ಎರಡು ಗೇಣು ಹತ್ತಿರ ಬಂದಿರುತ್ತಿದ್ದಳು. "ಒಂದೇ ಒಂದು, ತಾಯಿ," ಎಂದು ಅತ್ತೆ ಕೈಯೊಡ್ಡುತ್ತಿದ್ದಳು. "ಎಂಟು ಭಾಗ ನನ್ನಲ್ಲಿದ್ದಾನೆ. ಒಂದು ಭಾಗ ಹೊರಗೆ ಉಳಿದರೆ ಅವನಿಗೆ ನೆಮ್ಮದಿ ಇರುತ್ತಾ?" ಸೊಸೆ ಒಂದು ದಿನ ಆ ಒಡ್ಡಿದ ಕೈಗಳನ್ನು ಸೀರೆಯ ಅಂಚಿನಿಂದ ಕಂಬಕ್ಕೆ ಕಟ್ಟಿದಳು. ಮಗನ ಹೆಸರು ಹಿಡಿದು ಅತ್ತೆ ಇಡೀ ದಿನ ಕೂಗಿದಳು. ಗಂಜಿಯನ್ನು ಸೊಸೆಯೇ ಅವಳ ಬಾಯಿಗೆ ಹಾಕಿದಳು, ಮೂಗು ಹಿಡಿದು ಹಾಕಿದಳು. ಯಾಕೆಂದರೆ ಅತ್ತೆ ಸತ್ತರೆ ಅವಳ ನಾಲಿಗೆಯ ಕೆಳಗೆ ಇನ್ನೊಂದು ಒಂಬತ್ತು ಬೀಜ ಇಡಬೇಕಾಗುತ್ತಿತ್ತು. ಕರುಣೆಯಿಂದ ಉಣಿಸಿದಳೆಂದು ಯಾರೂ ತಪ್ಪು ತಿಳಿಯಬಾರದು.

ಸಂಜೆಗೊಮ್ಮೆ ಬಾಗಿಲ ಮೇಲೆ ಉಗುರಿನ ಸದ್ದು ಬರುತ್ತಿತ್ತು. ಕರ್ರ್. ಇದೆ. ಮರುದಿನ ಕರ್ರ್. ಇದೆ. ಆ ಸದ್ದೊಂದರ ಮೇಲೆ ಅವಳು ಹನ್ನೆರಡು ದಿನ ಬದುಕಿದಳು.

ನಲವತ್ತಾರನೆಯ ದಿನ ಬಟ್ಟೆ ಎತ್ತಿದಾಗ ಕುಂಡದ ಅಂಚಿನಲ್ಲಿ ಮಣ್ಣು ಸೀಳಿತ್ತು. ಸೋಮಾರಿ ಎದ್ದಿದ್ದ. ಬೆನ್ನು ಬಗ್ಗಿಸಿಕೊಂಡು, ತಲೆಯ ಮೇಲೆ ಬೀಜದ ಸಿಪ್ಪೆ ಹೊತ್ತುಕೊಂಡು, ಒಂದು ಹಸಿರೆಳೆ. ಸೊಸೆ ಕುಂಡವನ್ನು ಎದೆಗವಚಿಕೊಂಡು ತೂತಿನ ಹತ್ತಿರ ಹೋಗಿ ನಿಂತಳು.

"ಹೋದನೇ?"

"ಹೋದ," ಎಂದಳು.

ಹಾರೆ ಬಂತು, ಮಣ್ಣು ಉದುರಿತು, ಬೀದಿಯ ಜನವೆಲ್ಲ ಸೇರಿತು. ಬಾಗಿಲಮ್ಮ ಮೊಳಕೆಯನ್ನು ಬಿಸಿಲಿಗೆ ಹಿಡಿದು ನೋಡಿ ತಲೆಯಾಡಿಸಿದಳು. ಅದನ್ನು ಬೇರುಸಹಿತ ಎತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು. ಊರಿನ ಅಂಥ ಮೊಳಕೆಗಳೆಲ್ಲ ಅವಳ ಹಿತ್ತಲಿನಲ್ಲಿ ಬೆಳೆಯುತ್ತವೆ. ಅವಳ ಮನೆಯ ಸಾರಿನಂಥ ಸಾರು ಇನ್ನೆಲ್ಲೂ ಇಲ್ಲ ಎಂದು ಊಟ ಮಾಡಿದವರು ಹೇಳುತ್ತಾರೆ.

"ಹೊಸ್ತಿಲ ಮೇಲೇ ನಿಂತಿರಮ್ಮ," ಎಂದಳು ಬಾಗಿಲಮ್ಮ. "ಕಾಲಿಗೆ ನೀರು ಹಾಕುವವರೆಗೆ ಇಳಿಯೋ ಹಾಗಿಲ್ಲ. ಬಾವಿಯಿಂದ ತರಿಸ್ತೀನಿ."

ಸೊಸೆ ನಿಂತಳು. ನಲವತ್ತಾರು ದಿನ ನೋಡದ ಬೀದಿಯ ಬೆಳಕು ಕಣ್ಣಿಗೆ ಚುಚ್ಚಿತು. ಕಣ್ಣು ಹೊಂದಿಕೊಂಡಾಗ ಮೊದಲು ಕಂಡದ್ದು ಎದುರಿನ ಜಗಲಿ, ಅದರ ಮೇಲೆ ಹೊಸ ಲಂಗ, ಲಂಗದೊಳಗೆ ಕಡ್ಡಿಯಾಗಿದ್ದ ಅವಳ ಮಗಳು. ಭುಜದ ಮೇಲೆ ಆ ಕೈ ಇನ್ನೂ ಇತ್ತು. ಮಗು ತುಟಿಗಳನ್ನು ಬಿಗಿಯಾಗಿ ಮುಚ್ಚಿತ್ತು. ಕಣ್ಣು ಮಾತ್ರ ಅಮ್ಮನನ್ನೇ ನುಂಗುವಂತೆ ನೋಡುತ್ತಿತ್ತು.

ನೀರು ಬರುವಷ್ಟು ಹೊತ್ತು. ಬಾವಿ ಬೀದಿಯ ಕೊನೆಯಲ್ಲಿತ್ತು. ಒಂದು ಕೊಡ ನೀರು ಸೇದಿ ತರಲು ಎಷ್ಟು ಹೊತ್ತು ಬೇಕು? ನಲವತ್ತಾರು ದಿನ ಕಾದವಳು ಅಷ್ಟು ಕಾಯಬಹುದಿತ್ತು. ಹೊರಗೆ ನಿಂತು ಹೇಳುವವರಿಗೆ ಅದು ಸುಲಭ. ಮಗು ಎಂಟು ಹೆಜ್ಜೆ ದೂರದಲ್ಲಿತ್ತು, ಸೊರಗಿತ್ತು, ತನ್ನದಾಗಿತ್ತು. ಆ ಒಂದು ಕರೆಯನ್ನು ಅವಳು ಹನ್ನೆರಡು ದಿನದಿಂದ ಹಿಡಿದಿಟ್ಟುಕೊಂಡಿದ್ದಳು.

"ಮಗಳೇ," ಎಂದು ಕರೆದಳು. "ನಾನು ಬಂದೆ ಕಂದ!"

ಮಗು ಹೇಳಿದ ಮಾತು ಮರೆತಿರಲಿಲ್ಲ. ಅಮ್ಮ ಹೊರಗೆ ಬಂದಳು, ಅಮ್ಮ ಕರೆದಳು. ಅದು ಬಾಯಿ ತೆರೆಯಿತು.

"ಅಮ್ಮಾ!"

ಆ ಕೂಗಿನ ಜೊತೆಗೆ ನಾಲಿಗೆಯ ಕೆಳಗಿನಿಂದ ಪುಟ್ಟದೊಂದು ಬಿಳಿ ವಸ್ತು ಜಾರಿ, ಗಲ್ಲ ಸೋಕಿ, ಜಗಲಿಯ ಕಲ್ಲಿನ ಮೇಲೆ ಟಕ್ಕೆಂದು ಬಿತ್ತು.

ಮಗು ಅದನ್ನು ನೋಡಿತು, ಅಮ್ಮನನ್ನು ನೋಡಿತು. "ಅದು ನೀನು ಮಾತಾಡಬೇಡ ಅಂದ ಆವತ್ತೇ ಬಿದ್ದುಹೋಯ್ತು, ಅಮ್ಮಾ," ಎಂದು ಒಂದೇ ಉಸಿರಿಗೆ ಹೇಳತೊಡಗಿತು. "ನಾಲಿಗೆ ಕೆಳಗೆ ಇಟ್ಕೊಂಡಿದ್ದೆ. ಮಲಗುವಾಗಲೂ ಇಟ್ಕೊಂಡಿದ್ದೆ. ಯಾರಿಗೂ ತೋರಿಸಲಿಲ್ಲ. ನೀನು ಕರೆದ ಮೇಲೆ ನಮ್ಮನೆಗೆ ಬಂದು ಹಾಕೋಣ ಅಂತ..."

ಎದುರು ಮನೆಯವಳು ಬಗ್ಗಿ ಹಲ್ಲನ್ನು ಎತ್ತಿಕೊಂಡಳು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು.

"ನಾನೇನೂ ಮಾಡಲಿಲ್ಲ, ಎಲ್ಲರೂ ನೋಡಿದಿರಲ್ಲ," ಎಂದಳು. ಅದು ನಿಜವೇ ಆಗಿತ್ತು.

"ಅದು ಮೊದಲೇ ಬಿದ್ದ ಹಲ್ಲು!" ಸೊಸೆ ಹೊಸ್ತಿಲ ಮೇಲಿನಿಂದಲೇ ಚೀರಿದಳು. "ನನ್ನ ಬಾಗಿಲ ಹತ್ತಿರ ಬಂದಾಗ ಬಿದ್ದಿರಬಹುದು! ಬೀದಿಯಲ್ಲಿ ಬಿದ್ದಿರಬಹುದು!"

ಬಾಗಿಲಮ್ಮ ನಿಟ್ಟುಸಿರಿಟ್ಟಳು. "ಬಾಯಿ ಒಳಗಿದ್ದದ್ದು ನಮ್ಮ ಲೆಕ್ಕಕ್ಕಿಲ್ಲಮ್ಮ. ಕಣ್ಣಿಗೆ ಕಂಡದ್ದು ಆ ಜಗಲಿ ಮೇಲೆ."

ಸೊಸೆ ಇಳಿದು ಓಡಬಹುದಿತ್ತು. ಇಳಿಯಲಿಲ್ಲ. ನೀರು ಬೀಳದ ಕಾಲು ಬೀದಿಗೆ ಇಳಿಯಬಾರದು ಎಂಬುದು ಅವಳ ಮೂಳೆಯಲ್ಲೇ ಇತ್ತು. ಅವಳೂ ಆ ಊರಿನವಳೇ. ಎದುರು ಮನೆಯವಳು ಹಲ್ಲನ್ನು ಸಗಣಿಯಲ್ಲಿ ಉಂಡೆ ಕಟ್ಟಿ ತನ್ನ ಮಾಡಿನ ಮೇಲೆ ಎಸೆದಳು. ಉಂಡೆ ಹೆಂಚಿನ ಮೇಲೆ ಒಂದೆರಡು ಸುತ್ತು ಉರುಳಿ ಸಂದಿಯಲ್ಲಿ ನಿಂತಿತು. ಆಗ ಬಾವಿಯ ನೀರು ಬಂತು. ಬಾಗಿಲಮ್ಮ ಅವಳ ಎರಡೂ ಪಾದಗಳ ಮೇಲೆ ಪದ್ಧತಿಯಂತೆ ಸುರಿದಳು.

"ಇನ್ನು ಇಳಿಯಮ್ಮ. ಎಲ್ಲಿಗೆ ಬೇಕಾದರೂ ಹೋಗಬಹುದು."

ಸೊಸೆ ಒದ್ದೆ ಕಾಲಿನಲ್ಲಿ ತಿರುಗಿ ಒಳಗೆ ಹೋದಳು. ಕಂಬಕ್ಕೆ ಕಟ್ಟಿದ್ದ ಅತ್ತೆಯ ಕೈ ಬಿಚ್ಚಿದಳು. ಅತ್ತೆ ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಅವಳ ಮುಖವನ್ನೇ ನೋಡಿದಳು. ಚಾಪೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ನಡುವೆ ಖಾಲಿ ಕುಂಡವಿತ್ತು. ಬಿಸಿಲಿನ ಚೌಕ ಬಂದಾಗ ಸೊಸೆ ಅದನ್ನು ಗೇಣು ಗೇಣಾಗಿ ತಳ್ಳಿದಳು.

ಮರುದಿನ ಬೆಳಿಗ್ಗೆ ಬಾಗಿಲು ಹಾರು ಹೊಡೆದಿತ್ತು. ಬಾಗಿಲಮ್ಮ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕೂತಿದ್ದ ಸೊಸೆಯ ಕಿವಿಯ ಹತ್ತಿರ ಅತ್ತೆ ಮೆಲ್ಲಗೆ ಕೇಳಿದಳು.

"ಹೋದಳೇ?"

ಎದುರು ಮನೆಯಲ್ಲಿ, ಮೂವತ್ತು ದಿನಕ್ಕೂ ಹೆಚ್ಚು ಗಂಜಿ ಕುಡಿದು ಹಸಿದಿದ್ದ ಮಗು ಚಕ್ಕುಲಿ ಕುರುಕುವ ಸದ್ದು ಬೀದಿ ದಾಟಿ ಕೇಳುತ್ತಿತ್ತು.

"ಇನ್ನೂ ಇದ್ದಾಳೆ," ಎಂದಳು ಸೊಸೆ.